ಲಾಗಿನ್ ಪುಟದವರೆಗಿನ ವಿದ್ಯೆ

ಕೊಯಮತ್ತೂರಿನ ಗಾಂಧಿಪುರದಲ್ಲಿ ಚಪ್ಪಲಿ ಅಂಗಡಿಯ ಮೇಲೆ, ಮೂರನೇ ಮಹಡಿಯ ಕಂಪ್ಯೂಟರ್ ಸಂಸ್ಥೆಯಲ್ಲಿ ನಾನು ವೆಬ್‌ಸೈಟ್ ಕಟ್ಟುವ ವೆಬ್ ಫ್ರೇಮ್‌ವರ್ಕ್ ಕಲಿತೆ. ಕಲಿತೆ ಅನ್ನುವುದು ಆ ಸಂಸ್ಥೆಯವರ ಮಾತು. ಫೀಸು ಕಟ್ಟಿ ಎರಡು ತಿಂಗಳು ಮೆಟ್ಟಿಲು ಹತ್ತಿದೆ ಅನ್ನುವುದು ನನ್ನ ಮಾತು.

ಎರಡು ಸಾವಿರದ ಐದೋ ಆರೋ ಇರಬೇಕು. ಕೊಯಮತ್ತೂರಿನಲ್ಲಿ ಆಗ ಡಿಗ್ರಿ ಮುಗಿಸಿದವರೆಲ್ಲ ಇಂಥ ಯಾವುದೋ ಒಂದು ಮಹಡಿ ಹತ್ತುತ್ತಿದ್ದರು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಪ್ಪ ಮೆಟ್ಟುಪಾಳ್ಯಂ ತರಕಾರಿ ಮಂಡಿಯಲ್ಲಿ ಮೂಟೆ ತೂಕಕ್ಕೆ ಹಾಕುವವರು. ಮಗಳು ಕಂಪ್ಯೂಟರ್ ಓದಿದ್ದಾಳೆ ಎಂದು ಮಂಡಿಗೆಲ್ಲ ಹೇಳಿಯಾಗಿತ್ತು. ಅಮ್ಮನಿಗೆ ಅಷ್ಟು ಧೈರ್ಯ ಇರಲಿಲ್ಲ. ನಮ್ಮದು ಮನೆಯಲ್ಲಿ ಕನ್ನಡ, ಓದಿಗೆ ಮಾತ್ರ ಅಮ್ಮ ತಮಿಳಿನ ಪಡಿಪ್ಪು ಅನ್ನುತ್ತಿದ್ದಳು.

"ಪಡಿಪ್ಪು ಮುಗೀತು ಅಂದೆ. ಮತ್ತೆ ಇದೇನ್ ಪಡಿಪ್ಪು?"

"ಕಾಲೇಜಲ್ಲಿ ಹೇಳಿಕೊಡದೆ ಇರೋದನ್ನ ಹೇಳಿಕೊಡ್ತಾರಮ್ಮ."

"ಹಂಗಾದ್ರೆ ಕಾಲೇಜಲ್ಲಿ ಮೂರು ವರ್ಷ ಏನ್ ಮಾಡ್ದೆ?"

ಅನ್ನೂರಿನ ಹತ್ತಿರದ ನಮ್ಮ ಊರಿಗೆ ಬೆಳಿಗ್ಗೆ ಆರೂವರೆಗೆ ತಿರುಪ್ಪೂರಿನ ಬನಿಯನ್ ಕಂಪನಿಯ ವ್ಯಾನ್ ಬರುತ್ತಿತ್ತು. ನಮ್ಮ ಬೀದಿಯ ಹೆಂಗಸರು ಅದರಲ್ಲಿ ಚೆಕ್ಕಿಂಗಿಗೆ ಹೋಗುತ್ತಿದ್ದರು. ಹೊಲಿದ ಬಟ್ಟೆಯಲ್ಲಿ ತೂತು, ಎಣ್ಣೆ ಕಲೆ ಹುಡುಕುವ ಕೆಲಸ. ಮರ್ಯಾದೆಯ ಕೆಲಸವೇ, ಆದರೆ ಅದಕ್ಕೆ ಎಂಟನೇ ಕ್ಲಾಸು ಸಾಕು. ದೀಪಾವಳಿಯೊಳಗೆ ಕಂಪ್ಯೂಟರ್ ಕೆಲಸ ಸಿಗದಿದ್ದರೆ ಆ ವ್ಯಾನ್ ಹತ್ತುವುದು ಎಂದು ಮನೆಯಲ್ಲಿ ತೀರ್ಮಾನ ಆಗಿತ್ತು. ನಾನೂ ಹೂಂ ಅಂದಿದ್ದೆ.

ಮೊದಲ ದಿನ ಡೆಮೊ ಕ್ಲಾಸು. ಎ.ಸಿ. ಇದ್ದ ಒಂದೇ ಕೋಣೆಯಲ್ಲಿ, ಟೈ ಕಟ್ಟಿದ ಒಬ್ಬರು ಹಸಿರು ಮಾರ್ಕರಿನಲ್ಲಿ ಮೂರು ಡಬ್ಬಿ ಬರೆದರು. ನಡುವಿನ ಡಬ್ಬಿ ಕಂಟ್ರೋಲರ್, ಅಂದರೆ ಹೋಟೆಲ್ ಸಪ್ಲೈಯರ್ ಇದ್ದ ಹಾಗೆ, ನೀವು ದೋಸೆ ಕೇಳಿದರೆ ಅಡುಗೆಮನೆಗೆ ಹೋಗಿ ಹೇಳುತ್ತಾನೆ ಅಂದರು. ಎಲ್ಲರಿಗೂ ಅರ್ಥವಾಯಿತು, ಎಲ್ಲರೂ ಫೀಸು ಕಟ್ಟಿದರು. ಆ ಟೈಯನ್ನು ಮತ್ತೆ ನಾವು ನೋಡಲಿಲ್ಲ. ಅವರು ಡೆಮೊಗೆ ಮಾತ್ರ ಬರುವವರಂತೆ.

ಮರುದಿನದಿಂದ ಫ್ಯಾನಿನ ಕೋಣೆ, ಬೇರೆ ಸಾರ್. ನಮಗಿಂತ ಒಂದೆರಡು ವರ್ಷ ದೊಡ್ಡವರು. ಒಂದು ಲಾಂಗ್‌ಸೈಜ್ ನೋಟ್‌ಬುಕ್ ಬಿಚ್ಚಿ ಪ್ರೋಗ್ರಾಮನ್ನು ಡಿಕ್ಟೇಶನ್ ಕೊಡುತ್ತಿದ್ದರು. "ಲೆಸ್ ದ್ಯಾನ್... ಆಕ್ಷನ್... ಪಾತ್ ಈಕ್ವಲ್ ಟು... ಬರಕೊಂಡ್ರಾ?" ನಾವು ಇಪ್ಪತ್ತು ಜನ ಬಗ್ಗಿ ಬರೆದುಕೊಳ್ಳುತ್ತಿದ್ದೆವು. ಆಮೇಲೆ ಒಂದು ಕಂಪ್ಯೂಟರಿಗೆ ಮೂವರು. ಒಬ್ಬರು ಓದಬೇಕು, ಒಬ್ಬರು ಟೈಪ್ ಮಾಡಬೇಕು, ಮೂರನೆಯವರು ಎಲ್ಲಿ ಚುಕ್ಕಿ ಬಿಟ್ಟುಹೋಯಿತು ಎಂದು ನೋಡಬೇಕು. ಇದಕ್ಕೆ ಅವರು ಪ್ರಾಕ್ಟಿಕಲ್ ಎಂದು ಹೆಸರಿಟ್ಟಿದ್ದರು.

ಎರಡು ತಿಂಗಳ ಕೊನೆಗೆ ಎಲ್ಲರ ಕೈಯಲ್ಲೂ ಒಂದೊಂದು ಸಿ.ಡಿ., ಅದರಲ್ಲಿ ಒಂದು ಲಾಗಿನ್ ಪುಟ. ಹೆಸರು, ಪಾಸ್‌ವರ್ಡು ಸರಿ ಇದ್ದರೆ ವೆಲ್ಕಮ್ ಅನ್ನುತ್ತದೆ, ತಪ್ಪಿದ್ದರೆ ಕೆಂಪು ಅಕ್ಷರದಲ್ಲಿ ಬೈಯುತ್ತದೆ.

"ಸಾರ್, ವೆಲ್ಕಮ್ ಆದ ಮೇಲೆ?"

"ಅದು ಅಡ್ವಾನ್ಸ್ಡ್ ಕೋರ್ಸಮ್ಮಾ."

ಕೋರ್ಸಿನ ಕೊನೆಗೆ ಪ್ಲೇಸ್‌ಮೆಂಟ್ ಅಂತ ನನ್ನನ್ನು ತಿರುಪ್ಪೂರಿಗೆ, ನಮ್ಮ ಊರಿಗೆ ವ್ಯಾನ್ ಕಳಿಸುತ್ತಿದ್ದ ಅದೇ ಬನಿಯನ್ ಎಕ್ಸ್‌ಪೋರ್ಟ್ ಕಂಪನಿಗೆ ಕಳಿಸಿದರು. ಆಫೀಸಿಗೆ ಒಬ್ಬ ಪ್ರೋಗ್ರಾಮರ್ ಬೇಕಂತೆ. ಅಲ್ಲಿನ ಮ್ಯಾನೇಜರಿಗೆ ಐವತ್ತು ದಾಟಿತ್ತು, ಕಿವಿಯ ಮೇಲೆ ಪೆನ್ಸಿಲ್. ನನ್ನ ಸಿ.ಡಿ. ಹಾಕಿಸಿ, ಹೇಳಿದ ಪಾಸ್‌ವರ್ಡನ್ನು ಒಂದೇ ಬೆರಳಲ್ಲಿ ಒತ್ತಿದರು. ವೆಲ್ಕಮ್ ಬಂತು. ಅವರು ಪರದೆ ನೋಡುತ್ತಾ ಕಾದರು.

"ಅಷ್ಟೇನಾ ಅಮ್ಮಿಣಿ?"

ಕೊಯಮತ್ತೂರು, ತಿರುಪ್ಪೂರಿನ ಈ ಕೊಂಗುನಾಡಿನಲ್ಲಿ ಹುಡುಗಿಯರನ್ನು ಹಾಗೇ ಕರೆಯುವುದು. ಅಷ್ಟೇ ಸಾರ್ ಅಂದೆ.

"ನಿನಗಿಂತ ಮುಂಚೆ ಮೂರು ಜನ ಬಂದಿದ್ರು. ಅವರೂ ವೆಲ್ಕಮ್ ಹೇಳಿ ಹೋದ್ರು. ನನ್ನ ಆಫೀಸಿಗೆ ನನ್ನನ್ನೇ."

ಮೇಜಿನ ಮೇಲಿಂದ ಒಂದು ಆರ್ಡರ್ ಹಾಳೆ ಎಳೆದು ಕೊಟ್ಟರು. ಎಡಗಡೆ ಐದು ಬಣ್ಣ, ಮೇಲುಗಡೆ ಸೈಜುಗಳು, ನಡುವೆ ಎಷ್ಟು ಪೀಸು ಎಂದು ಪೆನ್ಸಿಲಿನ ಅಂಕಿ. "ಇದನ್ನ ಒಳಗೆ ಹಾಕಿ, ಕೂಡಿಸಿ ತೋರಿಸೋ ಹಂಗೆ ಮಾಡು. ಶುಕ್ರವಾರ ತಗೊಂಡು ಬಾ. ನಡೆದ್ರೆ ಕೆಲಸ ನಿಂದು."

ಸೋಮವಾರ ಅದು. ನಾನು ನೇರ ಗಾಂಧಿಪುರಕ್ಕೆ ಹೋಗಿ ಸಾರ್ ಮುಂದೆ ಆ ಹಾಳೆ ಇಟ್ಟೆ. ಇದು ಸಿಲಬಸ್‌ನಲ್ಲಿ ಇಲ್ಲ ಅಂದರು. ಎದ್ದು ಹೋಗುವವಳಲ್ಲ ಎಂದು ಗೊತ್ತಾದ ಮೇಲೆ ಕೂತು ಟೈಪ್ ಮಾಡಿದರು. ಐದು ಬಣ್ಣ ತುಂಬಿ ಸೇವ್ ಒತ್ತಿದರೆ ಕೊನೆಯ ಬಣ್ಣ ಒಂದೇ ಉಳಿಯುತ್ತದೆ. ನಾಲ್ಕು ಸಲ ಒತ್ತಿದರು, ನಾಲ್ಕು ಸಲವೂ ಬಿಳಿ ಒಂದೇ.

"ಸರ್ವರ್ ಪ್ರಾಬ್ಲಂ," ಅಂದರು.

"ಸರ್ವರ್ ಇದೇ ಕಂಪ್ಯೂಟರಿನೊಳಗೆ ಇದೆ ಅಂತ ನೀವೇ ಅಲ್ವಾ ಸಾರ್ ಬರೆಸಿದ್ದು?"

ಆಗ ಬಾಗಿಲು ನೋಡಿ, ಧ್ವನಿ ಇಳಿಸಿ ನಿಜ ಹೇಳಿದರು. ಅವರು ಹಿಂದಿನ ಬ್ಯಾಚಿನ ವಿದ್ಯಾರ್ಥಿ. ಎಲ್ಲೂ ಕೆಲಸ ಮಾಡಿದವರಲ್ಲ. ಆ ನೋಟ್‌ಬುಕ್ಕು ಅವರಿಗೂ ಡಿಕ್ಟೇಶನ್ನಿನಲ್ಲೇ ಬಂದದ್ದು. "ನೀನೂ ಇಲ್ಲೇ ಫ್ಯಾಕಲ್ಟಿ ಆಗಿಬಿಡು. ಅಕ್ಷರ ಚೆನ್ನಾಗಿದೆ ನಿಂದು. ಮುಂದಿನ ಬ್ಯಾಚಿಗೆ ಜನ ಬೇಕು."

ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಬಾಯಿ ಅವರಿಗಿದ್ದಿದ್ದರೆ ನಮ್ಮ ಇಪ್ಪತ್ತು ಜನರ ಎರಡು ತಿಂಗಳು ಉಳಿಯುತ್ತಿತ್ತು. ಮಧ್ಯಾಹ್ನ ನೀವು ಊಟಕ್ಕೆ ಹೋದಾಗ ಒಂದು ಕಂಪ್ಯೂಟರ್ ನನಗೆ ಬಿಡಿ, ಅಷ್ಟು ಸಾಕು ಅಂದೆ. ಬಿಟ್ಟರು.

ಮಂಗಳವಾರ ಬ್ರೌಸಿಂಗ್ ಸೆಂಟರಿಗೆ ಹೋಗಿ ಆ ಫ್ರೇಮ್‌ವರ್ಕ್ ಮಾಡಿದವರೇ ಬರೆದ ಕೈಪಿಡಿ ತೆಗೆದೆ. ಪುಕ್ಕಟೆಯಾಗಿ ಇಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ಇಂಗ್ಲಿಷು ನನಗೆ ಒಂದೊಂದೇ ಸಾಲು ಇಳಿಯುತ್ತಿತ್ತು, ಆದರೂ ಇಳಿಯಿತು. ಅಂಕಿ ತುಂಬುವ ಎಲ್ಲ ಸಾಲಿನ ಡಬ್ಬಿಗಳಿಗೂ ಒಂದೇ ಹೆಸರು ಕೊಟ್ಟರೆ ಕೊನೆಯದು ಮುಂಚಿನದನ್ನೆಲ್ಲ ಅಳಿಸುತ್ತದೆ, ಹೆಸರಿನ ಜೊತೆ ಸಾಲಿನ ಸಂಖ್ಯೆ ಸೇರಿಸಬೇಕು. ಒಂದು ಪ್ಯಾರಾ. ಮೂರನೇ ಮಹಡಿಯಲ್ಲಿ ಯಾರೂ ಓದಿರದ ಒಂದು ಪ್ಯಾರಾ. ಬುಧವಾರ ಐದು ಬಣ್ಣವೂ ಉಳಿದವು, ಗುರುವಾರ ಮೊತ್ತ ಬಂತು.

ಶುಕ್ರವಾರ ಬೆಳಿಗ್ಗೆ ತಿರುಪ್ಪೂರು. ಮ್ಯಾನೇಜರ್ ಮೊದಲು ಕೇಳಿದ್ದು, "ಈ ಪಾಸ್‌ವರ್ಡ್ ಯಾಕೆ? ಇಲ್ಲಿ ಕೂರೋನು ನಾನೊಬ್ಬನೇ. ತೆಗೆದುಹಾಕು." ಎರಡು ತಿಂಗಳ ಕೋರ್ಸನ್ನು ಅರ್ಧ ನಿಮಿಷದಲ್ಲಿ ತೆಗೆದುಹಾಕಿದೆ.

ಹಾಳೆ ನೋಡಿ ಅಂಕಿ ತುಂಬಿದರು, ಮೊತ್ತ ಸರಿ ಬಂತು. ಡ್ರಾಯರಿನಿಂದ ಇನ್ನೊಂದು ಆರ್ಡರ್ ತೆಗೆದರು. ಅದರಲ್ಲಿ ಆರು ಬಣ್ಣ. ನನ್ನ ಪುಟದಲ್ಲಿ ಐದೇ ಸಾಲು.

"ಆರನೇದಕ್ಕೆ ಜಾಗ ಮಾಡಿಲ್ಲ ಸಾರ್. ನೀವು ಕೊಟ್ಟ ಹಾಳೇಲಿ ಐದೇ ಇತ್ತು."

"ಹಂಗಾದ್ರೆ ಐದೇ ಬಣ್ಣ ಹಾಕ್ಕೊಳಿ ಅಂತ ಆರ್ಡರ್ ಕೊಟ್ಟ ಜರ್ಮನಿಯವನಿಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?"

"ಯಾರೂ ಹೇಳೋದು ಬೇಡ. ಸಂಜೆವರೆಗೆ ಟೈಮ್ ಕೊಡಿ, ಇಲ್ಲೇ ಕೂತು ಮಾಡ್ತೀನಿ."

ಅವರು ಕುರ್ಚಿ ಬಿಟ್ಟು ಎದ್ದರು. ನಾನು ಕೂತೆ. ಬೇಕಾದಷ್ಟು ಸಾಲು ಸೇರುವ ಹಾಗೆ ಮಾಡಬೇಕು, ಹೇಳಿಕೊಡುವವರು ಯಾರೂ ಇಲ್ಲ. ಮೂರು ಸಲ ಪುಟವೇ ಅಳಿಸಿ ಬೆಳ್ಳಗಾಯಿತು. ಟೀ ಹೊತ್ತಿಗೆ ಚೆಕ್ಕಿಂಗಿನವರು ಕೆಳಗಿಳಿದರು. ನಮ್ಮ ಬೀದಿಯ ಅಕ್ಕ ಒಬ್ಬರು ಕಿಟಕಿಗೆ ಬಂದು ಕನ್ನಡದಲ್ಲೇ ಕೇಳಿದರು, "ಏನೇ, ನೀನೂ ಬಂದ್ಬಿಟ್ಯಾ? ನಾಳೆಯಿಂದ ವ್ಯಾನಲ್ಲಿ ಸೀಟ್ ಹಿಡಿಲಾ?"

"ಇನ್ನೂ ಗೊತ್ತಿಲ್ಲ ಅಕ್ಕ. ಸಂಜೆ ಹೇಳ್ತೀನಿ."

ನಾಲ್ಕೂವರೆಗೆ ಆರನೇ ಸಾಲು ಬಂತು. ಮ್ಯಾನೇಜರ್ ಏಳನೆಯದನ್ನೂ, ಎಂಟನೆಯದನ್ನೂ ಸೇರಿಸಿ ನೋಡಿದರು. ಪೆನ್ಸಿಲಿನಲ್ಲಿ ತಾವೇ ಕೂಡಿಸಿ ಪರದೆಯ ಮೊತ್ತಕ್ಕೆ ಹೋಲಿಸಿದರು. ಆಮೇಲೆ ಸಂಸ್ಥೆಯವರು ಕಳಿಸಿದ್ದ ನನ್ನ ಬಯೋಡೇಟಾ ಮುಂದಿಟ್ಟರು. ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಎರಡು ವರ್ಷ ಅನುಭವ ಎಂದು ಅದರಲ್ಲಿತ್ತು. ಬೆಂಗಳೂರನ್ನು ನಾನು ಕಂಡೇ ಇರಲಿಲ್ಲ.

"ಸಾರ್, ಇದು ನಾನು ಬರೆದಿದ್ದಲ್ಲ. ನನಗೆ ಒಂದು ದಿನದ ಅನುಭವವೂ ಇಲ್ಲ. ಡಿಗ್ರಿ ಮಾತ್ರ ನಂದು, ಅದು ನಿಜ."

"ಗೊತ್ತು. ಮುಂಚೆ ಬಂದ ಮೂವರಿಗೂ ಇದೇ ಕಂಪನಿ, ಇದೇ ಎರಡು ವರ್ಷ. ಅವರು ಯಾರೂ ಇಲ್ಲ ಅನ್ಲಿಲ್ಲ." ಆ ಹಾಳೆಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದರು. "ಹೊಸಬರ ಸಂಬಳವೇ ಕೊಡೋದು."

"ಹೊಸಬಳೇ ಸಾರ್ ನಾನು."

ಸೋಮವಾರ ಒಂಬತ್ತಕ್ಕೆ ಬಾ ಅಂದರು. ಹೊರಗೆ ಹೋದಾಗ ವ್ಯಾನ್ ಹೊರಡುವುದರಲ್ಲಿತ್ತು. ಅಕ್ಕ ತಲೆ ಹೊರಹಾಕಿ ಏನಾಯ್ತೇ ಅಂದರು. ಕೆಲಸ ಸಿಕ್ತು, ಚೆಕ್ಕಿಂಗಿಗಲ್ಲ, ಆಫೀಸಿಗೆ ಅಂದೆ. ಬಸ್ಸು ಕಾಯುವುದು ಯಾಕೆ, ಹತ್ತು ಅಂದರು. ಅವರ ಪಕ್ಕ ಕೂತು ಊರಿಗೆ ಹೋದೆ.