ಗಂಟಲು ಕಟ್ಟಿದ ಹೊಸ ಮಿಸ್

ಮಾನ್ವಿಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ನಾನು ಯುಕೆಜಿ ಮಿಸ್. ಪೋತ್ನಾಳದಿಂದ ದಿನಾ ಬಸ್ಸಿಗೆ ಬಂದು ಹೋಗುವ ನನಗೆ ಆಗ ಒಂಬತ್ತು ವರ್ಷದ ಅನುಭವವಿತ್ತು, ಅದರ ಎರಡು ಪಟ್ಟು ಜಂಬವಿತ್ತು. ನಾನು ಕಣ್ಣು ಅಗಲಿಸಿದರೆ ಸಾಕು, ಮಕ್ಕಳು ಮೂಗೊರೆಸಿಕೊಂಡು ಕೂಡುತ್ತಿದ್ದರು.

ಆ ಜೂನಿನಲ್ಲಿ ಪಕ್ಕದ ಎಲ್‌ಕೆಜಿಗೆ ಅರಕೇರಾದ ಹುಡುಗಿಯೊಬ್ಬಳು ಹೊಸ ಮಿಸ್ ಆಗಿ ಬಂದಳು. ಕನ್ನಡ ಎಂ.ಎ. ಮಾಡಿದವಳು, ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. ಗಂಜಿ ಹಾಕಿದ ಸೀರೆ ಉಟ್ಟು ಒಳಗೆ ಹೋದವಳೇ, "ಮಕ್ಕಳೇ, ದಯವಿಟ್ಟು ಎಲ್ಲರೂ ಶಾಂತರಾಗಿ ಕುಳಿತುಕೊಳ್ಳಿ" ಎಂದಳಂತೆ. ಒಬ್ಬರೂ ಕೂಡಲಿಲ್ಲ. ಮುಂದಿನ ಸಾಲಿನ ಪುಟ್ಟಿಯೊಬ್ಬಳು ಮಾತ್ರ, "ಮಿಸ್, ನೀವು ಟೀವ್ಯಾಗಿಂದ ಬಂದೀರೇನ್ರೀ?" ಎಂದು ಕೇಳಿದಳಂತೆ.

ಅರ್ಧ ತಾಸಿಗೆ ಆ ಕಡೆಯಿಂದ ಗೋಳು ಕೇಳಿ ಓಡಿದೆ. ಅವ್ವ ಬೇಕೆಂದು ಒಂದು ಕೂಸು ಶುರುಮಾಡಿ, ಅದನ್ನು ನೋಡಿ ಇನ್ನೊಂದು, ಹೀಗೆ ಇಡೀ ಕೋಣೆ ಅಳುತ್ತಿತ್ತು. ನಡುವೆ ನಿಂತು ಮಿಸ್ಸೂ ಅಳುತ್ತಿದ್ದಳು. ನನ್ನ ಹಿಂದೆಯೇ ಬಂದ ಹೆಡ್ ಮೇಡಂ ಹಣೆ ಬಡಿದುಕೊಂಡರು. "ಏನವ್ವಾ, ಮಕ್ಕಳನ್ನ ರಮಿಸಾಕ ನಿನ್ನ ಕರ್ಕೊಂಡೀವಿ. ನಿನ್ನ ರಮಿಸಾಕ ಮತ್ತ ಯಾರನ್ನ ಕರ್ಕೊಂಡು ಬರೋಣು?" ಆಮೇಲೆ ನನ್ನತ್ತ ತಿರುಗಿ, "ಎಂಟು ದಿನ ನೀನು ಕಲಿಸು. ಆಗ್ಲಿಲ್ಲಂದ್ರ ಕಳಿಸಿಬಿಡ್ತೀನಿ" ಎಂದರು.

ನಾನು ಸಂಭ್ರಮದಿಂದ ಗುರುವಾದೆ. ಊಟದ ಬಿಡುವಿನಲ್ಲಿ ಬಾಗಿಲು ಹಾಕಿ, "ನನ್ನ ಬೈ ನೋಡೋಣು" ಎಂದೆ.

"ಅಕ್ಕಾರ, ಸ್ವಲ್ಪ ಸುಮ್ನ ಕೂಡ್ರಿ..."

"ಅಯ್ಯ ತಂಗಿ, ಇದು ಬೈಯೋದಲ್ಲ, ಬೀಗರಿಗೆ ಉಪಚಾರ! ಹೊಟ್ಟ್ಯಾಗಿಂದ ಒದರು. ನಿಮ್ಮ ಹೊಲಕ್ಕ ಎಮ್ಮಿ ಹೊಕ್ಕಾವಂತ ತಿಳ್ಕೊ."

ಎಮ್ಮೆ ಕೆಲಸ ಮಾಡಿತು. ಮರುದಿನದಿಂದ ಅವಳು ಒದರತೊಡಗಿದಳು. ಮಕ್ಕಳು ಇದೊಂದು ಆಟವೆಂದು ತಿಳಿದು ಅವಳಿಗಿಂತ ಜೋರಾಗಿ ಒದರಿದರು. ನಾಲ್ಕನೇ ದಿನಕ್ಕೆ ಅವಳ ಗಂಟಲು ಪೂರ್ತಿ ಕಟ್ಟಿತು.

ಐದನೇ ದಿನ ಪಕ್ಕದ ಕೋಣೆಯಿಂದ ಸದ್ದೇ ಇಲ್ಲ. ಮಕ್ಕಳೆಲ್ಲ ಓಡಿಹೋದರೇನೋ ಎಂದು ಗಾಬರಿಯಿಂದ ಇಣುಕಿದೆ. ಅವಳು ನೆಲದ ಮೇಲೆ ಕೂತಿದ್ದಳು. ಮಕ್ಕಳು ಅವಳ ಮೈಗೆ ಒತ್ತಿಕೊಂಡು, ಬಾಯಿ ತೆರೆದು ಕೇಳುತ್ತಿದ್ದರು. "ಆಮ್ಯಾಲ ಆ ಇಲಿ ಏನು ಮಾಡ್ತು ಗೊತ್ತೇನು? ಮೆಲ್ಲಕ ಗಡಿಗ್ಯಾಗ ಇಳೀತು..." ಎಂದು ಪಿಸುಗುಡುತ್ತಿದ್ದಳು. ಎಂ.ಎ. ಕನ್ನಡ ಗಂಟಲಿನ ಜೊತೆಗೇ ಹೋಗಿ ಅರಕೇರಾದ ಕನ್ನಡ ಉಳಿದಿತ್ತು. ಒಬ್ಬ ಕೆಮ್ಮಿದರೆ ಉಳಿದವರೆಲ್ಲ "ಶ್!" ಎನ್ನುತ್ತಿದ್ದರು.

ಅಷ್ಟರಲ್ಲಿ ಹೆಡ್ ಮೇಡಂ ಬಂದು, "ಆ ಗದ್ದಲ ಯಾವ ಕ್ಲಾಸಿಂದು?" ಎಂದರು. ನನ್ನದೇ ಆಗಿತ್ತು.

ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ಸಂಜೆ ಬಸ್ಸಿಗೆ ಕಾಯುವಾಗ, "ಪಿಸುಗುಟ್ಟಿ ಮಕ್ಕಳನ್ನ ಕೂಡ್ಸೋ ಈ ಹಂಚಿಕಿ ಯಾರು ಹೇಳಿಕೊಟ್ರು?" ಎಂದು ಕೇಳಿದೆ.

"ಹಂಚಿಕಿ ಏನಿಲ್ರೀ ಅಕ್ಕಾರ, ದನೀನ ಬರಾಕತ್ತಿರ್ಲಿಲ್ಲ" ಎಂದಳು. ಇಬ್ಬರೂ ನಕ್ಕೆವು. ನಗಲಿಕ್ಕೂ ಅವಳಲ್ಲಿ ದನಿ ಇರಲಿಲ್ಲ.

ಗಂಟಲು ಸರಿಯಾದ ಮೇಲೂ ಅವಳು ಒದರಲಿಲ್ಲ. ಎರಡು ವರ್ಷ ನಮ್ಮೊಂದಿಗಿದ್ದು, ದೇವದುರ್ಗದ ಕಡೆ ಹೈಸ್ಕೂಲೊಂದಕ್ಕೆ ಹೋದಳು. ಅವಳು ಹೋದ ವಾರ, ಹೊರಗೆ ಯಾರೂ ಇಲ್ಲದ್ದು ನೋಡಿ, ನಾನೂ ನೆಲದ ಮೇಲೆ ಕೂತು ಮೆಲ್ಲಗೆ ಕಥೆ ಶುರುಮಾಡಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬಳು ಹತ್ತಿರ ಬಂದು ನನ್ನ ಹಣೆ ಮುಟ್ಟಿ, "ಮಿಸ್, ಆರಾಮಿಲ್ಲೇನ್ರೀ? ಹೆಡ್ ಮೇಡಂನ ಕರೀಲೇನು?" ಎಂದಳು.