ಹೊಟ್ಟೆ ಕಿರಿದಾದ ಸಾಹುಕಾರರು

ಫರ್ನಿಚರ್ ಅಂಗಡಿಯ ಸಾಹುಕಾರರು ಕುರ್ಚಿ ಮಾರುವ ರೀತಿಯೇ ಬೇರೆ, ತಾವೇ ಅದರಲ್ಲಿ ಕುಳಿತು, "ನನ್ನನ್ನೇ ತಡ್ಕೊಂಡಿದೆ, ನೀವ್ಯಾವ ಲೆಕ್ಕ?" ಎನ್ನುತ್ತಿದ್ದರು. ಕುರ್ಚಿಗಳು ತಡೆದುಕೊಂಡವು, ಅವರ ಮಂಡಿಗಳು ತಡೆದುಕೊಳ್ಳಲಿಲ್ಲ. ಹೊಟ್ಟೆಯ ಚೀಲ ಚಿಕ್ಕದು ಮಾಡುವ ಆಪರೇಷನ್ ಆಗಬೇಕೆಂದ ಡಾಕ್ಟರು, ಅದಕ್ಕೂ ಮುಂಚೆ ಒಂದಿಷ್ಟು ತೂಕ ಇಳಿಸಿಕೊಂಡು ಬನ್ನಿ ಎಂದರು. "ಇಳಿಸೋಕೆ ಬರೋ ಹಾಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?" ಎಂದು ರೇಗಿದ ಸಾಹುಕಾರರು ಆ ದುಃಖಕ್ಕೆ ನೇರ ಹೋಟೆಲಿಗೆ ನುಗ್ಗಿದರು. ಆಮೇಲೆ ಪ್ರತಿ ಊಟವೂ ಅವರಿಗೆ ಪಥ್ಯಕ್ಕೆ ಮುಂಚಿನ ಕೊನೆಯ ಊಟವೇ. ಅಂತೂ ಪಥ್ಯ ಹಿಡಿದು, ಆಪರೇಷನ್ ಮುಗಿಸಿ, ಮನೆಗೆ ಬಂದವರೇ ಗುರುಗಳಾದರು. ನೋಡಲು ಬಂದವರ ಕೈಯ ಬಿಸ್ಕತ್ತನ್ನು ದಿಟ್ಟಿಸುತ್ತಾ, "ನಾಲಿಗೇನ ಗೆಲ್ಲಬೇಕು ಕಣ್ರೀ" ಎನ್ನುತ್ತಿದ್ದರು. ಗೆದ್ದದ್ದು ಡಾಕ್ಟರ ಕತ್ತರಿ ಎಂಬುದು ಮರೆತೇಹೋಗಿತ್ತು. ಪುಟ್ಟ ಬಟ್ಟಲಿನ ಸೂಪನ್ನು ಚಮಚದಲ್ಲಿ ಗುಟುಕರಿಸಿ ಮುಗಿಸುವಷ್ಟರಲ್ಲಿ ಮಕ್ಕಳೆಲ್ಲ ಉಂಡು ಏಳುತ್ತಿದ್ದರು. ಹಾಗಾಗಿ ಒಂದು ಮಧ್ಯಾಹ್ನ, ಮದುವೆಯಾದ ಮೇಲೆ ಮೊದಲ ಸಲ, ಹೆಂಡತಿ ಉಣ್ಣಲು ಕೂರುವುದು ಅವರ ಕಣ್ಣಿಗೆ ಬಿತ್ತು. ಇಷ್ಟು ಕಾಲವೂ ಅವಳು ಕೂರುವ ಹೊತ್ತಿಗೆ ಇವರ ಗೊರಕೆ ಶುರುವಾಗಿರುತ್ತಿತ್ತು. "ನಿಂಗೆ ಏನು ತಿನ್ನೋದು ಇಷ್ಟ ಕಣೇ?" ಎಂದು ಕೇಳಿದರು. ಅವಳು ತುತ್ತು ನುಂಗಿ, "ಯಾವತ್ತಾದ್ರೂ ಏನಾದ್ರೂ ಉಳಿದಿದ್ರೆ ತಾನೇ ಗೊತ್ತಾಗೋದು" ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಾಹುಕಾರರು ಎದ್ದು ಅವಳಿಗೆ ಬಡಿಸಲು ಹೋದರು. ಯಾವ ಪಾತ್ರೆಯಲ್ಲಿ ಏನಿದೆ, ಸೌಟು ಎಲ್ಲಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.