ತಂಗಿಗಾಗಿ ಅಳಬೇಕಿದ್ದ ದಿನ

ನೀಲಗಿರಿಯ ಮಂಜೂರಿನಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾವು ಬಸ್ ರಸ್ತೆಯ ಮೇಲ್ಭಾಗದ ಹಟ್ಟಿಯೊಂದರಲ್ಲಿ ಬಾಡಿಗೆಗಿದ್ದೆವು. ಮನೆಯೊಡತಿ ಎಪ್ಪತ್ತರ ಆಸುಪಾಸಿನ ಹೆಂಗಸು, ಆ ಬೆಟ್ಟದ ಬಡಗ ಜನಾಂಗದವರು. ಎಲ್ಲರಂತೆ ನಾನೂ ಅವರನ್ನು ಅವ್ವೆ ಎಂದೇ ಕರೆಯುತ್ತಿದ್ದೆ. ಅವರು ತಮ್ಮ ಬಡಗ ಮಾತಿನಲ್ಲಿ, ನಾನು ನನ್ನ ಕನ್ನಡದಲ್ಲಿ ಹರಟುತ್ತಿದ್ದೆವು. ಒಬ್ಬರಿಗೊಬ್ಬರು ಅರ್ಥವಾಗದೆ ಇದ್ದದ್ದು ಕಡಿಮೆ.

ಅವ್ವೆಗೆ ಬಿಪಿ ಇತ್ತು. ತಿಂಗಳ ಮಾತ್ರೆ ನಾನೇ ತಂದುಕೊಡುತ್ತಿದ್ದೆ. ಓದಲು ಬಾರದ ಅವರು ನಾನು ಅಂಗೈಗೆ ಹಾಕಿದ್ದನ್ನು ನೋಡದೆಯೇ ನುಂಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ಏಳರ ಹೊತ್ತಿಗೆ ಊಟಿಯಾಚೆಯ ತುಮ್ಮನಟ್ಟಿಯಿಂದ ಅವರ ಮಗನಿಗೆ ಫೋನ್ ಬಂತು. ಅಲ್ಲಿಗೆ ಮದುವೆಯಾಗಿ ಹೋಗಿದ್ದ ಅವ್ವೆಯ ತಂಗಿ ತೀರಿಕೊಂಡಿದ್ದರು. ತಾಯಿ ಸತ್ತ ಮೇಲೆ ಬೆನ್ನಿಗೆ ಕಟ್ಟಿಕೊಂಡು ಅವ್ವೆಯೇ ಸಾಕಿದ ತಂಗಿ. ಸುದ್ದಿ ಕೇಳಿದ ಅವ್ವೆ ಜಗಲಿಯ ಮೇಲೆ ಕುಸಿದು ಕೂತು ಎದೆ ಬಡಿದುಕೊಂಡು ಅಳತೊಡಗಿದರು.

"ನಿನ್ನ ತಲೆ ನಾ ಬಾಚಿದೆ, ನಿನಗೆ ನಾ ಉಡಿಸಿದೆ, ಎನ್ನ ಬಿಟ್ಟು ಏಕ ಹೋದೆ..."

ಮಗ ನಮ್ಮ ಬಾಗಿಲಿಗೆ ಓಡಿಬಂದ. "ಅಕ್ಕಾ, ಅವ್ವೆಗೆ ಏನಾದರೂ ಆಗಿಬಿಡುತ್ತೆ. ಸ್ವಲ್ಪ ಸಮಾಧಾನ ಆಗೋಕೆ ಏನಾದರೂ ಕೊಡಿ."

ನಾನು ಬಿಪಿ ನೋಡಿದೆ. ಜಾಸ್ತಿಯೇ ಇತ್ತು. ಡಾಕ್ಟರನ್ನು ಕೇಳಬೇಕಿತ್ತು, ಕೇಳಲಿಲ್ಲ. ನನ್ನ ಅತ್ತೆಗೆಂದು ಹಿಂದೆ ಬರೆದುಕೊಟ್ಟಿದ್ದ ನಿದ್ದೆಯ ಮಾತ್ರೆ ಮನೆಯಲ್ಲಿತ್ತು. ಒಂದನ್ನು ತೆಗೆದು ಅವ್ವೆಯ ಅಂಗೈಗೆ ಹಾಕಿದೆ.

"ಇದೇನ?" ಎಂದರು. ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ನಿಮ್ಮ ಬಿಪಿ ಮಾತ್ರೆಯೇ ಅವ್ವೆ. ನುಂಗಿ, ಆಮೇಲೆ ಹೊರಡಿ."

ನುಂಗಿದರು. ಉಟ್ಟ ಮುಂಡು ಬದಲಿಸಲು ಒಳಗೆ ಹೋದವರು ಹಾಸಿಗೆಯ ಮೇಲೆಯೇ ಒರಗಿಬಿಟ್ಟರು. ಮಗ, ಸೊಸೆ ಎರಡು ಸಲ ಕರೆದು ನೋಡಿದರು. "ಮಲಗಲಿ, ಅಲ್ಲಿಗೆ ಬಂದರೆ ಇನ್ನೂ ಕಷ್ಟ" ಎಂದು ನಾನೇ ಅಂದೆ. ಅವರಿಬ್ಬರೇ ಕಾರು ಹತ್ತಿ ಹೋದರು.

ಅವ್ವೆಯ ಒಳ್ಳೆಯದಕ್ಕೇ ಹಾಗೆ ಮಾಡಿದೆ ಎಂದು ಬಹಳ ದಿನ ಹೇಳಿಕೊಂಡೆ. ಅದರಲ್ಲಿ ಅರ್ಧ ಮಾತ್ರ ನಿಜ. ಅಂದು ನನ್ನ ಗಂಡ ಸ್ಟಾಕ್ ತರಲು ಕೊಯಮತ್ತೂರಿಗೆ ಹೋಗಿದ್ದರು, ಅಂಗಡಿ ನಾನು ತೆರೆಯಬೇಕಿತ್ತು. ಅಷ್ಟು ಅಳುತ್ತಿರುವವರನ್ನು ಬಿಟ್ಟು ಹೋಗಲು ಆಗುತ್ತಿರಲಿಲ್ಲ. ಜೊತೆಗೆ ಆ ಅಳು ನನಗೆ ಸಹಿಸಲಾಗುತ್ತಿರಲಿಲ್ಲ. ನನ್ನ ಅಪ್ಪ ಹೋದಾಗ "ದೊಡ್ಡ ಮಗಳು ನೀನೇ ಅತ್ತರೆ ಹೇಗೆ" ಎಂದು ಎಲ್ಲರೂ ಅಂದಿದ್ದರು, ನಾನು ಕಣ್ಣೊರೆಸಿಕೊಂಡು ಬಂದವರಿಗೆ ಕಾಫಿ ಕೊಟ್ಟಿದ್ದೆ. ಯಾರಾದರೂ ಬಾಯಿಬಿಟ್ಟು ಅತ್ತರೆ ಈಗಲೂ ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸುತ್ತದೆ.

ಮಧ್ಯಾಹ್ನ ಮೂರೂವರೆಗೆ ಅಂಗಡಿಗೆ ಬಾಗಿಲೆಳೆದು ಬಂದೆ. ಅವ್ವೆ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಬಿಳಿ ಮುಂಡು ಉಟ್ಟು, ತಲೆಗೆ ಬಟ್ಟೆ ಕಟ್ಟಿದ್ದರು. ಕಾಲು ಇನ್ನೂ ನೆಟ್ಟಗೆ ನಿಲ್ಲುತ್ತಿರಲಿಲ್ಲ.

"ಊಟಿ ಬಸ್ಸು ಯಾವಾಗ?" ಎಂದರು.

ಮಗನಿಗೆ ಫೋನ್ ಮಾಡಿದೆ. ಎಲ್ಲ ಮುಗಿದು ಸುಡುಗಾಡಿನಿಂದ ವಾಪಸು ಬರುತ್ತಿದ್ದೇವೆ ಎಂದ. ಅದನ್ನು ಅವ್ವೆಗೆ ಹೇಳಿದೆ. ಅತ್ತಾರು ಎಂದು ಕಾದೆ. ಅವರು ರಸ್ತೆಯನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ" ಎಂದು ತಿರುಗಿ ಹಟ್ಟಿಯ ಮೆಟ್ಟಿಲು ಹತ್ತಿದರು. ಕೈ ಹಿಡಿಯಲು ಹೋದೆ, ಬಿಡಿಸಿಕೊಂಡರು.

ಹದಿನೈದು ದಿನ ಕಳೆದಿರಬಹುದು. ಅವ್ವೆ ಊಟ ಬಿಡತೊಡಗಿದರು. ಗಂಟಲು ಮುಟ್ಟಿ ತೋರಿಸಿ, "ಇಲ್ಲಿ ಏನೋ ನಿಂತಿದೆ, ಇಳಿಯದು" ಎನ್ನುತ್ತಿದ್ದರು. ರಾಗಿ ಮುದ್ದೆಯ ಒಂದು ತುತ್ತಿಗೆ ಎರಡು ಲೋಟ ನೀರು ಬೇಕಾಗುತ್ತಿತ್ತು. ಗ್ಯಾಸ್ ಇರಬೇಕೆಂದು ಒಂದು ಸಿರಪ್ ಕೊಟ್ಟೆ, ಆಮೇಲೆ ಇನ್ನೊಂದು ಕೊಟ್ಟೆ. ಎರಡು ತಿಂಗಳಲ್ಲಿ ರವಿಕೆ ತೋಳಿನಲ್ಲಿ ಜೋಲಾಡತೊಡಗಿತು. ಸೊಸೆ ನನ್ನ ಹತ್ತಿರ ಮೆಲ್ಲಗೆ, "ಕ್ಯಾನ್ಸರ್ ಇರಬಹುದಾ ಅಕ್ಕಾ?" ಎಂದಳು.

ಊಟಿಯ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಗಂಟಲಿಗೆ ಟ್ಯೂಬ್ ಬಿಟ್ಟು ನೋಡಿದರು, ರಕ್ತ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ. ಆ ಡಾಕ್ಟರಮ್ಮ ರಿಪೋರ್ಟನ್ನು ಪಕ್ಕಕ್ಕಿಟ್ಟು, "ಇತ್ತೀಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡರಾ?" ಎಂದು ತಮಿಳಿನಲ್ಲಿ ಕೇಳಿದರು.

"ಇವರ ತಂಗಿ" ಎಂದ ಮಗ. "ಆದರೆ ಅವ್ವೆ ತುಂಬ ಧೈರ್ಯವಾಗಿದ್ದಾರೆ ಮೇಡಂ. ಆಮೇಲೆ ಒಂದು ದಿನವೂ ಅಳಲಿಲ್ಲ."

ಡಾಕ್ಟರಮ್ಮ ತಲೆಯಾಡಿಸಿದರು. ದುಃಖವನ್ನು ಬಹಳ ದಿನ ತಡೆದಿಟ್ಟರೆ ಕೆಲವರಿಗೆ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ, ಇವರು ನಾಟಕವಾಡುತ್ತಿಲ್ಲ, ಗಂಟು ಕಟ್ಟಿದಂತೆ ಆಗುವುದು ನಿಜ ಎಂದರು. ಔಷಧಿಗಿಂತ ಮೊದಲು ಇವರನ್ನು ಮಾತಾಡಲು ಬಿಡಿ ಎಂದರು. ನಾನು ಟೇಬಲ್ಲಿನ ಮೇಲಿದ್ದ ಪೆನ್ ಸ್ಟ್ಯಾಂಡನ್ನು ನೋಡುತ್ತ ನಿಂತಿದ್ದೆ. ನಿದ್ದೆ ಮಾತ್ರೆ ಕೊಟ್ಟವಳು ನಾನು ಎಂದು ಅಲ್ಲೇ ಹೇಳಬಹುದಿತ್ತು.

ಬಡಗರಲ್ಲಿ ಸತ್ತವರನ್ನು ಮಂಚದ ಮೇಲೆ ಮಲಗಿಸಿ ಹೆಂಗಸರು ಸುತ್ತ ಕೂರುತ್ತಾರೆ. ಆ ಜೀವ ಹೇಗೆ ಹುಟ್ಟಿತು, ಏನು ಪಾಡು ಪಟ್ಟಿತು ಎಂಬುದನ್ನೆಲ್ಲ ಹೇಳಿ ಹೇಳಿ ಅಳುತ್ತಾರೆ. ಅದು ಮುಗಿಯುವ ಹೊತ್ತಿಗೆ ಅತ್ತವರ ಗಂಟಲು ಒಣಗಿರುತ್ತದೆ, ಎದೆ ಮಾತ್ರ ಸ್ವಲ್ಪ ಹಗುರಾಗಿರುತ್ತದೆ. ಇದನ್ನು ನಾನು ಎಷ್ಟೋ ಸಲ ದೂರದಿಂದ ನೋಡಿದ್ದೆ. ತಂಗಿಯ ಬಾಲ್ಯ ಗೊತ್ತಿದ್ದವರು ಅವ್ವೆ ಒಬ್ಬರೇ. ಅದನ್ನು ಹೇಳುವವರಿಲ್ಲದೆ ಆ ಮಂಚ ಎದ್ದುಹೋಗಿತ್ತು.

ಆಸ್ಪತ್ರೆಯಿಂದ ಬಂದ ಮೇಲೂ ಒಂದು ವಾರ ತಡಮಾಡಿದೆ. ಒಂದು ಭಾನುವಾರ ಅವ್ವೆ ಅಂಗಳದ ಬಿಸಿಲಿನಲ್ಲಿ ನಾಟಿಗೆಂದು ಬೆಳ್ಳುಳ್ಳಿ ಎಸಳು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಒಂದು ಗೆಡ್ಡೆ ಎತ್ತಿಕೊಂಡೆ.

"ಅವ್ವೆ, ಆವತ್ತು ನಾನು ಕೊಟ್ಟದ್ದು ಬಿಪಿ ಮಾತ್ರೆಯಲ್ಲ. ನಿದ್ದೆ ಮಾತ್ರೆ. ನಿಮಗೆ ಸುಳ್ಳು ಹೇಳಿದೆ."

ಅವರ ಕೈ ನಿಲ್ಲಲಿಲ್ಲ. "ಗೊತ್ತು. ಎನ್ನ ಮಾತ್ರೆ ಕಹಿ ಇಲ್ಲೆ. ಅದು ಕಹಿ ಇತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ನೀನಾಗಿ ಹೇಳುತ್ತಿ ಎಂದು ಕಾದೆ. ಎಷ್ಟು ದಿನ ಕಾದೆ!" ಎಂದವರೇ ಕೈಯಲ್ಲಿದ್ದ ಗೆಡ್ಡೆಯನ್ನು ಮೊರಕ್ಕೆ ಎಸೆದರು. "ಏನು, ನಾ ಸತ್ತುಹೋಗುವೆ ಎಂದು ಹೆದರಿದಿಯಾ? ಸತ್ತರೆ ತಂಗಿಯ ಪಕ್ಕದಲ್ಲಿ ಸಾಯುತ್ತಿದ್ದೆ! ಅವಳ ಮುಖ ನೋಡದಂಗೆ ಮಾಡಿದೆಯಲ್ಲ ನೀ! ಎನ್ನ ಕಣ್ಣೀರು ನಿನಗೆ ಏನು ಮಾಡಿತು?"

ಅವರ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಸೊಸೆ ಬಾಗಿಲಿಗೆ ಬಂದು ನಿಂತಳು. ಬಯ್ಯುತ್ತ ಬಯ್ಯುತ್ತ ಅವ್ವೆಯ ದನಿ ಒಡೆಯಿತು. ಬಯ್ಗುಳ ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ, ಕೂತೇ ಇದ್ದೆ. ತಡವಾಗಿ ಅಷ್ಟನ್ನಾದರೂ ಮಾಡಿದೆ.

ಸಂಜೆಯ ಹೊತ್ತಿಗೆ ಸುಸ್ತಾಗಿದ್ದ ಅವ್ವೆ, "ನಾಳೆ ಎನ್ನ ಕರೆದುಕೊಂಡು ಹೋಗು" ಎಂದರು.

ಅಂಗಡಿ ಮುಚ್ಚಿ ಹೋದೆ. ಊಟಿಯಲ್ಲಿ ಬಸ್ ಬದಲಿಸಿ ತುಮ್ಮನಟ್ಟಿಯಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ತಂಗಿ ದಿನವೂ ಮಲಗುತ್ತಿದ್ದ ಮಂಚ ಆ ಮನೆಯಲ್ಲಿ ಹಾಗೇ ಇತ್ತು. ಅವ್ವೆ ಅದರ ಕಾಲಿನ ಬಳಿ ನೆಲದ ಮೇಲೆ ಕೂತರು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಸೇರಿದರು. ಆಮೇಲೆ ಅವ್ವೆ ಶುರುಮಾಡಿದರು. ತಂಗಿ ಜೋಲಿಯಲ್ಲಿ ಮಲಗುತ್ತಿದ್ದದ್ದು, ಆಲೂಗಡ್ಡೆ ಹೊಲದಲ್ಲಿ ಮಣ್ಣು ತಿಂದದ್ದು, ಮದುವೆಯ ದಿನ ಅಕ್ಕನ ಸೆರಗು ಬಿಡದೆ ಅತ್ತದ್ದು. ತಂಗಿಯ ಮಕ್ಕಳಿಗೆ ಕೂಡ ಅವು ಹೊಸ ಸಂಗತಿಗಳು. ಅವರೂ ಕೂತು ಕೇಳಿ ಅತ್ತರು.

ಮಧ್ಯಾಹ್ನ ಅಲ್ಲಿ ಅವರೆಕಾಳು ಸಾರು, ಅನ್ನ ಬಡಿಸಿದರು. ಅವ್ವೆ ಸ್ವಲ್ಪ ಉಂಡರು, ಪೂರ್ತಿ ಅಲ್ಲ. ಗಂಟಲು ಒಂದೇ ದಿನದಲ್ಲಿ ಬಿಟ್ಟುಕೊಡಲಿಲ್ಲ. ಮೂರ್ನಾಲ್ಕು ತಿಂಗಳಲ್ಲಿ ಊಟ ಹದಕ್ಕೆ ಬಂತು. ತಂಗಿಯ ಮಾತು ಬಂದ ದಿನ ಈಗಲೂ ಕೆಲವೊಮ್ಮೆ ತುತ್ತು ನಿಲ್ಲುತ್ತದಂತೆ.

ಆದರೆ ಅಂದಿನಿಂದ ಅವ್ವೆಯ ಬಿಪಿ ಮಾತ್ರೆಯನ್ನು ಮಗ ಊಟಿಯಿಂದ ತರುತ್ತಾನೆ. ಸಿಕ್ಕಾಗ ಅವ್ವೆ ಕ್ಯಾರೆಟ್ ಕೊಡುತ್ತಾರೆ, ಮಕ್ಕಳ ಕ್ಷೇಮ ಕೇಳುತ್ತಾರೆ. "ಕ್ಷಮಿಸಿಬಿಟ್ಟಿದ್ದಾರೆ, ಇನ್ನು ಬಿಡು" ಎನ್ನುತ್ತಾರೆ ನನ್ನ ಗಂಡ. ಇರಬಹುದು. ಆ ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ಅವರು "ಸರಿ" ಎಂದದ್ದು ನೆನಪಾದರೆ, ಕೌಂಟರಿನ ಹಿಂದೆ ನಿಂತವಳು ಕೈಯಲ್ಲಿರುವ ಮಾತ್ರೆಯ ಹೆಸರನ್ನು ಮತ್ತೊಮ್ಮೆ ಓದಿ, ಅದು ಯಾವುದಕ್ಕೆಂದು ಬಾಯಿಬಿಟ್ಟು ಹೇಳಿಯೇ ಗಿರಾಕಿಗೆ ಕೊಡುತ್ತೇನೆ.